ಬಗ್ ಎಲ್ಲಿಂದ ನುಸುಳಿತು? ಮೊದಲು ಅದನ್ನು ಹುಡುಕಿ

ಸಾಫ್ಟ್‌ವೇರ್ ರಿಲೀಸ್‌ಗೆ ಎರಡೇ ದಿನ ಬಾಕಿ. ಕೋಡ್ ಈಗಷ್ಟೇ ಟೆಸ್ಟರ್‌ಗಳ ಕೈಗೆ ಬಂದಿದೆ. ಅವರು ರಾತ್ರಿಯೆಲ್ಲ ಕೂತು ಬಗ್, ಅಂದರೆ ಸಾಫ್ಟ್‌ವೇರ್‌ನಲ್ಲಿನ ದೋಷ, ಹುಡುಕುತ್ತಾರೆ. ಆದರೂ ರಿಲೀಸ್ ಆದ ಮರುದಿನ ಗ್ರಾಹಕರಿಂದ ದೂರು ಬರುತ್ತದೆ. ‘ಸರಿಯಾಗಿ ಟೆಸ್ಟ್ ಮಾಡಿಲ್ವಾ?’ ಎಂಬ ಮಾತನ್ನು ನಾನೂ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಆ ಮಾತಿನಿಂದ ಒಂದೇ ಒಂದು ಬಗ್ ಕಡಿಮೆಯಾಗಿದ್ದನ್ನು ನೋಡಿಲ್ಲ.

ಗುಣಮಟ್ಟ ಸುಧಾರಿಸಬೇಕು ಅಂದ ಕೂಡಲೇ ಜನ ಹೊಸ ಟೂಲ್ ಕೊಳ್ಳಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ನಿಮ್ಮಲ್ಲಿ ತೂತು ಎಲ್ಲಿದೆ ಎಂದು ಗೊತ್ತಿಲ್ಲದೆ ಏನು ಕೊಂಡರೂ ದಂಡ.

ಮೊದಲ ಹೆಜ್ಜೆ: ಹಳೆಯ ಬಗ್‌ಗಳ ಪಟ್ಟಿ

ಗ್ರಾಹಕರವರೆಗೆ ಹೋದ ಕೊನೆಯ 20 ಅಥವಾ 30 ಬಗ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ. ಇದು ಹುಟ್ಟಿದ್ದು ಎಲ್ಲಿ? ಎಲ್ಲಕ್ಕಿಂತ ಮೊದಲು ಎಲ್ಲಿ ಸಿಕ್ಕಿಬೀಳಬಹುದಿತ್ತು? ಅಲ್ಲಿ ಯಾಕೆ ಸಿಗಲಿಲ್ಲ? ಡೆವಲಪರ್, ಟೆಸ್ಟರ್, ಗ್ರಾಹಕರ ದೂರು ನೋಡುವವರು, ಎಲ್ಲರೂ ಒಟ್ಟಿಗೆ ಕೂತು ಉತ್ತರ ಬರೆಯಬೇಕು.

ನಾನಿದ್ದ ಒಂದು ತಂಡದಲ್ಲಿ ‘ನಮಗೆ ಆಟೊಮೇಷನ್ (ಟೆಸ್ಟ್‌ಗಳನ್ನು ಪ್ರೋಗ್ರಾಂ ತಾನೇ ಓಡಿಸುವುದು) ಇಲ್ಲ, ಅದೇ ತೊಂದರೆ’ ಎಂದು ಎಲ್ಲರೂ ನಂಬಿದ್ದೆವು. ಪಟ್ಟಿ ಬೇರೆಯದನ್ನೇ ಹೇಳಿತು. ಜಾಸ್ತಿ ಬಗ್‌ಗಳು ಕೋಡ್ ಬರೆಯುವ ಮೊದಲೇ ಹುಟ್ಟಿದ್ದವು. ಆರ್ಡರ್ ರದ್ದಾದರೆ ಅದಕ್ಕೆ ಬಳಸಿದ ಕೂಪನ್ ವಾಪಸ್ ಬರಬೇಕೋ ಬೇಡವೋ? ಡೆವಲಪರ್ ಬೇಡ ಅಂದುಕೊಂಡಿದ್ದರು. ದೂರು ನೋಡುವವರು ಬರುತ್ತದೆ ಎಂದು ಗ್ರಾಹಕರಿಗೆ ಮಾತು ಕೊಡುತ್ತಿದ್ದರು. ಟೆಸ್ಟರ್ ಆಗಿದ್ದ ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಇಂಥ ಬಗ್ ಅನ್ನು ಯಾವ ಟೂಲ್ ಹಿಡಿಯುತ್ತದೆ ಹೇಳಿ?

ಒಂದು ಮಾತು ಮಾತ್ರ ಮರೆಯಬೇಡಿ. ಆ ಹಾಳೆಯಲ್ಲಿ ಯಾರ ಹೆಸರೂ ಇರಬಾರದು. ಒಮ್ಮೆ ಹೆಸರು ಬರೆದರೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ಕೋಡ್‌ಗೂ ಮೊದಲು ಮಾತು

ಹೊಸ ಕೆಲಸ ಶುರುವಾಗುವ ಮೊದಲು ಅರ್ಧ ಗಂಟೆ ಕೂತು ಮಾತಾಡಿ. ಅದು ಬೇಕೆಂದವರು, ಬರೆಯುವವರು, ಟೆಸ್ಟ್ ಮಾಡುವವರು ಮೂವರೂ ಇರಲಿ. ಮಾತು ಉದಾಹರಣೆಗಳಲ್ಲಿ ನಡೆಯಲಿ. ‘5 ಎಂಬಿವರೆಗಿನ ಫೈಲ್ ಹಾಕಬಹುದು’ ಎಂದಿದೆ ಅನ್ನಿ. ಸರಿಯಾಗಿ 5 ಎಂಬಿ ಇದ್ದರೆ? ಖಾಲಿ ಫೈಲ್ ಆದರೆ? ಅರ್ಧ ಹೋಗುವಾಗ ನೆಟ್ ಕಡಿದುಹೋದರೆ? ಒಂದೇ ಫೈಲ್ ಎರಡು ಸಲ ಬಂದರೆ? ಸಿಕ್ಕ ಉತ್ತರಗಳನ್ನು ಅಲ್ಲೇ ಬರೆದಿಡಿ. ಟೆಸ್ಟ್ ಕೇಸ್‌ಗಳಲ್ಲಿ ಮುಕ್ಕಾಲು ಪಾಲು ಅವೇ.

ಸುಮ್ನೆ ಬರೆದಿಟ್ಟರೆ ಸಾಲದು, ತಾಳೆ ನೋಡಲೂ ಬೇಕು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಹತ್ತಿರ ಕಳೆದುಹೋಯಿತು. ಭೂಮಿಯಲ್ಲಿದ್ದ ಒಂದು ಸಾಫ್ಟ್‌ವೇರ್ ಥ್ರಸ್ಟರ್‌ನ (ನೌಕೆಯನ್ನು ತಳ್ಳುವ ಚಿಕ್ಕ ಎಂಜಿನ್) ಲೆಕ್ಕವನ್ನು ಪೌಂಡ್ ಮಾನದಲ್ಲಿ ಕೊಟ್ಟಿತ್ತು. ಅದನ್ನು ಪಡೆದ ಕಡೆ ನ್ಯೂಟನ್ ಮಾನ ಎಂದುಕೊಂಡು ಬಳಸಿದರು. ನ್ಯೂಟನ್‌ನಲ್ಲೇ ಕೊಡಬೇಕೆಂದು ಬರಹದಲ್ಲಿ ಇತ್ತು. ಆದರೆ ಎರಡೂ ಕಡೆಯ ಲೆಕ್ಕ ಹೊಂದುತ್ತದೆಯೇ ಎಂಬುದು ಸರಿಯಾಗಿ ಪರೀಕ್ಷೆ ಆಗಿರಲಿಲ್ಲ. ನಿಮ್ಮ ಎರಡು ತಂಡಗಳ ನಡುವೆ ಡೇಟಾ ಓಡಾಡುತ್ತಿದ್ದರೆ, ಒಂದು ನಿಜವಾದ ಸಂಖ್ಯೆಯನ್ನು ಈ ತುದಿಯಿಂದ ಆ ತುದಿಯವರೆಗೆ ಕಳಿಸಿ ನೋಡಿ.

ಕೋಡ್ ರಿವ್ಯೂ, ಅಂದರೆ ಒಬ್ಬರು ಬರೆದ ಕೋಡ್ ಅನ್ನು ಇನ್ನೊಬ್ಬರು ಓದಿ ನೋಡುವುದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬದಲಾವಣೆ ಚಿಕ್ಕದಿರಲಿ, ಅಷ್ಟೇ. 100 ಸಾಲು ಬಂದರೆ ಜನ ಓದುತ್ತಾರೆ. 2000 ಸಾಲು ಬಂದರೆ ‘ಓಕೆ’ ಒತ್ತಿ ಮುಂದೆ ಹೋಗುತ್ತಾರೆ.

ಆಟೊಮೇಷನ್ ಎಷ್ಟು, ಎಲ್ಲಿ?

ಸ್ಕ್ರೀನ್ ಮೇಲಿನ ಪ್ರತಿ ಬಟನ್‌ಗೂ ಆಟೊಮೇಷನ್ ಬರೆಯಲು ಹೋಗಬೇಡಿ. ಅಂಥ ಟೆಸ್ಟ್‌ಗಳು ನಿಧಾನ. ಬಟನ್ ಜಾಗ ಬದಲಾದರೂ ಮುರಿಯುತ್ತವೆ. ಒಂದೊಂದು ಫಂಕ್ಷನ್ (ಕೋಡ್‌ನ ಚಿಕ್ಕ ತುಣುಕು) ಅನ್ನು ಪರೀಕ್ಷಿಸುವ ಯುನಿಟ್ ಟೆಸ್ಟ್‌ಗಳು ಹೆಚ್ಚಿರಲಿ. ಎಪಿಐ (ಸಾಫ್ಟ್‌ವೇರ್‌ಗಳು ಒಂದರ ಜೊತೆ ಒಂದು ಮಾತಾಡುವ ದಾರಿ) ಮಟ್ಟದವು ಅದಕ್ಕಿಂತ ಕಡಿಮೆ. ಸ್ಕ್ರೀನ್ ಟೆಸ್ಟ್‌ಗಳು ಲಾಗಿನ್, ಪಾವತಿಯಂಥ ಮುಖ್ಯ ದಾರಿಗಳಿಗೆ ಮಾತ್ರ ಸಾಕು. ಕೋಡ್ ಸೇರಿಸಿದಾಗಲೆಲ್ಲ ಇವು ತಾವಾಗಿಯೇ ಓಡಬೇಕು.

ಯಾವುದರಿಂದ ಶುರು ಮಾಡುವುದು ಎಂದು ತಿಳಿಯದಿದ್ದರೆ ಒಂದು ನಿಯಮ ಇಟ್ಟುಕೊಳ್ಳಿ. ಬಗ್ ಸಿಕ್ಕಾಗ ಮೊದಲು ಅದನ್ನು ತೋರಿಸುವ ಟೆಸ್ಟ್ ಬರೆಯಿರಿ. ಆ ಟೆಸ್ಟ್ ಫೇಲ್ ಆಗುವುದನ್ನು ಕಣ್ಣಾರೆ ನೋಡಿ. ಆಮೇಲೆ ಕೋಡ್ ಸರಿ ಮಾಡಿ. ಅದೇ ಬಗ್ ಮತ್ತೆ ಬಂದರೆ ಆ ಟೆಸ್ಟ್ ಕೂಗಿ ಹೇಳುತ್ತದೆ.

ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್ ಇದ್ದರೆ ಅದೇ ದಿನ ಬೇರೆ ಎತ್ತಿಡಿ. ಸರಿಪಡಿಸಿ, ಇಲ್ಲವೇ ಅಳಿಸಿ. ‘ಇನ್ನೊಂದ್ಸಲ ಓಡಿಸಿ, ಪಾಸ್ ಆಗುತ್ತೆ’ ಎಂಬ ಮಾತು ರೂಢಿಯಾದರೆ, ನಿಜವಾದ ಫೇಲ್ ಬಂದ ದಿನವೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಇಷ್ಟಾದರೆ ಟೆಸ್ಟರ್‌ಗಳಿಗೆ ಸಮಯ ಉಳಿಯುತ್ತದೆ. ಅದನ್ನು ಕಸಿದುಕೊಳ್ಳಬೇಡಿ. ಟೆಸ್ಟ್ ಕೇಸ್‌ಗಳ ಪಟ್ಟಿ ಇಲ್ಲದೆ, ಕುತೂಹಲದಿಂದ ಸಾಫ್ಟ್‌ವೇರ್ ಬಳಸಿ ನೋಡಲು ಬಿಡಿ. ವಿಚಿತ್ರವಾದ ಬಗ್‌ಗಳು ಸಿಗುವುದು ಆಗಲೇ.

ರಿಲೀಸ್ ಕೂಡ ಟೆಸ್ಟಿಂಗ್‌ನ ಭಾಗ

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಹೊಸ ಕೋಡ್ ಎಂಟು ಸರ್ವರ್‌ಗಳಿಗೆ ಹೋಗಬೇಕಿತ್ತು. ಒಂದಕ್ಕೆ ಹೋಗಲಿಲ್ಲ. ಆ ಸರ್ವರ್‌ನಲ್ಲಿ, ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸಿತು. ಎಂಟಕ್ಕೂ ಕೋಡ್ ಹೋಗಿದೆಯೇ ಎಂದು ಇನ್ನೊಬ್ಬರು ನೋಡಿರಲಿಲ್ಲ. ಮಾರುಕಟ್ಟೆ ತೆರೆಯುವ ಮೊದಲೇ ಸಿಸ್ಟಂ 97 ಇಮೇಲ್ ಕಳಿಸಿತ್ತು. ಅವನ್ನು ಎಚ್ಚರಿಕೆ ಎಂದು ಯಾರೂ ಓದಲಿಲ್ಲ.

ಈ ಒಂದು ಘಟನೆಯಿಂದ ನಿಮ್ಮ ರಿಲೀಸ್ ಪಟ್ಟಿಯನ್ನೇ ಬರೆಯಬಹುದು. ಕೋಡ್ ಹಾಕುವ ಕೆಲಸ ಕೈಯಿಂದಲ್ಲ, ಸ್ಕ್ರಿಪ್ಟ್‌ನಿಂದ ಆಗಲಿ. ಎಲ್ಲ ಸರ್ವರ್‌ಗಳಲ್ಲೂ ಒಂದೇ ವರ್ಷನ್ ಇದೆಯೇ ಎಂದು ಅದೇ ಸ್ಕ್ರಿಪ್ಟ್ ನೋಡಲಿ. ಬಳಸದ ಕೋಡ್ ಅನ್ನು ಅಳಿಸಿ. ಎಚ್ಚರಿಕೆ ಯಾರಿಗೆ ಹೋಗಬೇಕು, ಅವರು ಏನು ಮಾಡಬೇಕು ಎಂದು ಮೊದಲೇ ಬರೆದಿಡಿ. ಬದಲಾವಣೆಯನ್ನು ಮೊದಲು ಕೆಲವೇ ಬಳಕೆದಾರರಿಗೆ ಕೊಟ್ಟು ನೋಡಿ, ಆಮೇಲೆ ಉಳಿದವರಿಗೆ. ರೋಲ್‌ಬ್ಯಾಕ್ ಮಾಡುವುದನ್ನು, ಅಂದರೆ ಹಿಂದಿನ ವರ್ಷನ್‌ಗೆ ಮರಳುವುದನ್ನು, ತೊಂದರೆ ಇಲ್ಲದ ದಿನವೇ ಒಮ್ಮೆ ಮಾಡಿ ಅಭ್ಯಾಸ ಮಾಡಿಕೊಳ್ಳಿ.

ಏನನ್ನು ಎಣಿಸಬೇಕು?

ಯಾವ ಟೆಸ್ಟರ್ ಎಷ್ಟು ಬಗ್ ಹಿಡಿದರು ಎಂದು ದಯವಿಟ್ಟು ಎಣಿಸಬೇಡಿ. ಎಣಿಸಿದರೆ ಚಿಲ್ಲರೆ ಬಗ್‌ಗಳ ರಾಶಿ ಬೀಳುತ್ತದೆ, ಡೆವಲಪರ್ ಜೊತೆ ಜಗಳವೂ ಶುರುವಾಗುತ್ತದೆ. ಗ್ರಾಹಕರವರೆಗೆ ಹೋದ ಬಗ್ ಎಷ್ಟು, ಏನಾದರೂ ಒಡೆದಾಗ ಸರಿಹೋಗಲು ಎಷ್ಟು ಹೊತ್ತು ಹಿಡಿಯಿತು, ಈ ಎರಡನ್ನು ಬರೆದಿಟ್ಟುಕೊಂಡರೆ ಸದ್ಯಕ್ಕೆ ಸಾಕು.

ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಲು ಆಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಯಾವ ತೂತು ದೊಡ್ಡದೋ ಅದೊಂದನ್ನೇ ಮೊದಲು ಹಿಡಿಯಿರಿ. ಮೂರು ತಿಂಗಳು ಬಿಟ್ಟು ಹೊಸ ಬಗ್‌ಗಳನ್ನು ಅದೇ ಮೂರು ಪ್ರಶ್ನೆಗಳೊಂದಿಗೆ ಮತ್ತೆ ಬರೆಯಿರಿ, ಹಳೆಯ ಹಾಳೆಯ ಪಕ್ಕಕ್ಕಿಟ್ಟು ನೋಡಿ. ಆ ತೂತು ಚಿಕ್ಕದಾಗಿದ್ದರೆ ಮುಂದಿನದಕ್ಕೆ ಹೋಗಿ. ಆಗಿಲ್ಲವೆಂದರೆ, ‘ಯಾಕೆ ಸಿಗಲಿಲ್ಲ’ ಎಂಬ ಮೂರನೇ ಪ್ರಶ್ನೆಗೆ ಕಳೆದ ಸಲ ಬರೆದ ಉತ್ತರವನ್ನೇ ಮತ್ತೆ ತೆಗೆದು ಓದಿ.