ವಿಕ್ಟೋರಿಯಾದ ಕೆಮ್ಮಣ್ಣಲ್ಲಿ ಚಿನ್ನ ಹುಡುಕೋಕೆ ಯಾವ ಕಾಯಿಲ್, ಯಾವ ಸೆಟ್ಟಿಂಗ್

ಮೆಲ್ಬರ್ನ್ ಕಡೆ ಇರೋ ನಮ್ಮೋರು ಮೆಟಲ್ ಡಿಟೆಕ್ಟರ್ ತಗೊಂಡ ತಕ್ಷಣ ಕೇಳೋದು ಒಂದೇ, ದೊಡ್ಡ ಕಾಯಿಲ್ (ನೆಲದ ಮೇಲೆ ಬೀಸೋ ತಟ್ಟೆ) ಹಾಕಿದ್ರೆ ಆಳಕ್ಕೆ ಹೋಗುತ್ತಲ್ವಾ ಅಂತ. ಹೋಗುತ್ತೆ, ಆದ್ರೆ ಕೆಳಗೆ ದೊಡ್ಡ ಚಿನ್ನದ ಗಟ್ಟಿ ಇದ್ರೆ ಮಾತ್ರ. 1980ರಲ್ಲಿ ಕಿಂಗೋವರ್ ಹತ್ರ ಡಿಟೆಕ್ಟರ್‌ಗೆ 27 ಕೆಜಿ ಗಟ್ಟಿ ಸಿಕ್ತಲ್ಲ, ಹ್ಯಾಂಡ್ ಆಫ್ ಫೇತ್, ಎಲ್ರ ತಲೇಲೂ ಅದೇ ಕೂತಿರುತ್ತೆ. ಈಗ ಡನಾಲಿ, ಮೋಲಿಯಾಗಲ್, ಟಾರ್ನಗಲ್ಲಾ ಸುತ್ತ ಸಿಗೋದು ಬಹಳಷ್ಟು ಒಂದು ಗ್ರಾಮ್‌ಗಿಂತ ಚಿಕ್ಕ ಚೂರುಗಳು, ಅದು ದೊಡ್ಡ ಕಾಯಿಲ್ ಕಣ್ಣಿಗೆ ಬೀಳೋದೇ ಕಷ್ಟ.

ನಾನು ಹೇಳೋದು ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಇಟ್ಕೊಂಡು, ಬೇರೆ ಮೆಷಿನ್ ಆದ್ರೆ ಬಟನ್ ಹೆಸರು ಬದಲಾಗುತ್ತೆ ಅಷ್ಟೇ. ಇದಕ್ಕೆ ಮೂರು ಕಾಯಿಲ್ ಬರುತ್ತೆ: 6 ಇಂಚು, ಬಾಕ್ಸ್ ಜೊತೆ ಕೊಡೋ 11 ಇಂಚು, ಆಮೇಲೆ 15x12 ಇಂಚಿನ ದೊಡ್ಡದು. ಮೂರೂ ಡಬಲ್ ಡಿ, ಅಂದ್ರೆ ಒಳಗೆ D ಆಕಾರದ ಎರಡು ಸುರುಳಿ ಇರೋದು. ಹಳೇ ಗುಂಡಿಗಳ ಮಧ್ಯೆ, ಕಲ್ಲು ಬೇರು ಪೊದೆ ಇರೋ ಕಡೆ, ಮೊಳೆ ತಗಡು ತುಂಬಿರೋ ಕಡೆ 6 ಇಂಚು ಹಾಕಿ, ಯೋಚನೇನೇ ಬೇಡ. ಬಯಲಾಗಿದ್ದು ಕಸ ಕಮ್ಮಿ ಇದ್ರೆ 11. ದೊಡ್ಡದು ನನ್ ಲೆಕ್ಕದಲ್ಲಿ ಬೀಚಿಗೆ, ಉತ್ತ ಹೊಲಕ್ಕೆ. ಚಿನ್ನಕ್ಕೆ ಅಂತ ಅದನ್ನ ಕೊಳ್ಳೋ ದುಡ್ಡಲ್ಲಿ ಒಂದು ಒಳ್ಳೆ ಗುದ್ದಲಿ, ಹೆಡ್‌ಫೋನ್ ತಗೊಳ್ಳಿ.

ಕಾಯಿಲ್ ದೊಡ್ಡದಾದಷ್ಟೂ ಒಂದೇ ಸಲಕ್ಕೆ ಜಾಸ್ತಿ ಮಣ್ಣು ನೋಡುತ್ತೆ, ಇಲ್ಲಿನ ಮಣ್ಣಲ್ಲಿ ಕಬ್ಬಿಣದ ಅಂಶ ವಿಪರೀತ, ಆ ಮಣ್ಣೇ ಸದ್ದು ಮಾಡೋಕೆ ಶುರು ಮಾಡಿದ್ರೆ ಚಿನ್ನದ ಸಣ್ಣ ಸದ್ದು ಅದ್ರೊಳಗೆ ಮುಳುಗೋಗುತ್ತೆ. ಡಬಲ್ ಡಿ ಕಾಯಿಲ್ ಇಂಥ ಮಣ್ಣಲ್ಲಿ ಸುಮ್ನಿರೋದು ಯಾಕಂದ್ರೆ ಅದು ಹುಡುಕೋದು ಕಾಯಿಲ್ ಮಧ್ಯ ಮುಂದಿಂದ ಹಿಂದಕ್ಕೆ ಇರೋ ಒಂದು ಪಟ್ಟೇಲಿ. ಒಂದೇ ಸುರುಳಿಯ ಮೋನೋ ಕಾಯಿಲ್ ಹುಡುಕೋ ಜಾಗ ಬುಗುರಿ ಥರ, ಮೇಲೆ ಅಗಲ, ಕೆಳಗೆ ಹೋಗ್ತಾ ಚೂಪು, ಹಾಗಾಗಿ ಮೋನೋ ಹಾಕಿದಾಗ ಒಂದು ಸ್ವಿಂಗ್ ಮೇಲೆ ಇನ್ನೊಂದು ಅರ್ಧ ಬರೋ ಹಾಗೆ ಬೀಸ್ಬೇಕು, ಇಲ್ದಿದ್ರೆ ಮಧ್ಯೆ ಮಧ್ಯೆ ಬಿಟ್ಟೋಗುತ್ತೆ. ಮೋನೋ ಬರೋದು ಮೈನ್‌ಲ್ಯಾಬ್‌ದೇ ಜಿಪಿಎಕ್ಸ್ ಥರದ ಪಲ್ಸ್ ಮೆಷಿನ್‌ಗೆ (ಬಿಟ್ಟು ಬಿಟ್ಟು ಸಿಗ್ನಲ್ ಕಳ್ಸೋ ಡಿಟೆಕ್ಟರ್), ಆಳ ಜಾಸ್ತಿ, ಆದ್ರೆ ಜಿಪಿಎಕ್ಸ್ 5000ದಲ್ಲಿ ಕಬ್ಬಿಣ ಬಿಡಿಸಿ ಹೇಳೋ ಐರನ್ ರಿಜೆಕ್ಟ್ ಬೇಕಂದ್ರೆ ವಾಪಸ್ ಡಬಲ್ ಡಿಗೇ ಬರ್ಬೇಕು.

ಈಗ ಸೆಟ್ಟಿಂಗ್. ಮೊದ್ಲು ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಸ್ಟೀಲ್ ಟೋ ಶೂ ಇದ್ರೆ ಮನೇಲೇ ಬಿಡಿ. ಗೋಲ್ಡ್ ಮೋಡ್‌ಗೆ ಹೋಗಿ (ಈಕ್ವಿನಾಕ್ಸ್ 600ರಲ್ಲಿ ಈ ಮೋಡ್ ಇಲ್ಲ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ನೋಡ್ಕೊಳ್ಳಿ). ಕಾಯಿಲ್ ಅಲ್ಲಾಡಿಸ್ದೆ ಹಿಡ್ಕೊಂಡು ನಾಯ್ಸ್ ಕ್ಯಾನ್ಸಲ್ (ಸುತ್ತಲಿನ ಕರೆಂಟ್ ಲೈನ್, ಬೇರೆ ಮೆಷಿನ್ ಗಲಾಟೆ ತಗ್ಗಿಸೋದು) ಮಾಡಿ. ಆಮೇಲೆ ಗ್ರೌಂಡ್ ಬ್ಯಾಲೆನ್ಸ್, ಅಂದ್ರೆ ಮಣ್ಣಿನ ಸದ್ದು ಕೇಳ್ದಿರೋ ಹಾಗೆ ಮೆಷಿನ್ ಹೊಂದಿಸೋದು, ಇದನ್ನ ಮಾತ್ರ ಅವಸರ ಮಾಡ್ಬೇಡಿ. ಕೆಳಗೆ ಲೋಹ ಇಲ್ದಿರೋ ಜಾಗ ಹುಡುಕಿ, ಗ್ರೌಂಡ್ ಬ್ಯಾಲೆನ್ಸ್‌ಗೆ ಹೋಗಿ, ಆಕ್ಸೆಪ್ಟ್ ರಿಜೆಕ್ಟ್ ಬಟನ್ ಒತ್ತಿ ಹಿಡ್ಕೊಂಡು ಕಾಯಿಲನ್ನ ನೆಲದ ಹತ್ರ ಮೇಲೆ ಕೆಳಗೆ ಆಡಿಸ್ತಾ ಇರಿ, ಸದ್ದು ತಗ್ಗೋವರ್ಗೂ. ಮಣ್ಣಿನ ಬಣ್ಣ ಬದಲಾದ್ರೆ, ಕೆಂಪಿಂದ ಬಿಳಿ ಜೇಡಿಗೆ ಬಂದ್ರೆ, ಮತ್ತೆ ಮಾಡಿ. ಅಡಿಗಡಿಗೂ ಮಣ್ಣು ಬದಲಾಗೋ ಜಾಗ ಆದ್ರೆ ಟ್ರ್ಯಾಕಿಂಗ್‌ಗೆ ಹಾಕಿ, ಅದೇ ಹೊಂದಿಸ್ಕೊಳ್ಳುತ್ತೆ.

ಸೆನ್ಸಿಟಿವಿಟಿ 25ರವರ್ಗೂ ಇದೆ ಅಂತ 25ಕ್ಕೇ ಇಡೋದು ನಮ್ ಜನರ ಅಭ್ಯಾಸ, ಕೊಟ್ಟಿರೋ ದುಡ್ಡು ವಸೂಲಾಗ್ಬೇಕಲ್ಲ! ಆದ್ರೆ ಕೆಮ್ಮಣ್ಣಲ್ಲಿ ಹಾಗಿಟ್ರೆ ಮೆಷಿನ್ ಸುಮ್ನೆ ಕಿರುಚ್ತಾ ಇರುತ್ತೆ, ಅರ್ಧ ಗಂಟೇಲಿ ನಿಮ್ಗೂ ಕಿವಿ ಸೋಲುತ್ತೆ, ಒಳ್ಳೆ ಸಿಗ್ನಲ್ ಬಂದ್ರೂ ಗಮನ ಇರಲ್ಲ. 20ರಿಂದ ಶುರು ಮಾಡಿ ಒಂದೊಂದೇ ಇಳಿಸಿ, ಹಿನ್ನೆಲೆ ಗಲಾಟೆ ನಿಂತ ಕಡೆ ಬಿಡಿ. ರಿಕವರಿ ಸ್ಪೀಡ್ (ಒಂದು ಸಿಗ್ನಲ್ ಮುಗಿಸಿ ಇನ್ನೊಂದಕ್ಕೆ ಮೆಷಿನ್ ತಯಾರಾಗೋ ವೇಗ) ಕಸ ಇರೋ ಕಡೆ 6, ಖಾಲಿ ಜಾಗದಲ್ಲಿ 4. ಐರನ್ ಬಯಾಸ್ ಜಾಸ್ತಿ ಇಟ್ರೆ ಚಿನ್ನದ ಚೂರನ್ನೂ ಕಬ್ಬಿಣ ಅಂದ್ಬಿಡೋ ಚಾನ್ಸ್ ಇದೆ, ನಾನಂತೂ ಕಮ್ಮಿನೇ ಇಡ್ತೀನಿ.

ಇಷ್ಟಾದ್ಮೇಲೆ ಒಂದು ಸೀಸದ ಚರೆ (ಬಂದೂಕಿನ ಸಣ್ಣ ಗುಂಡು) ನೆಲದ ಮೇಲಿಟ್ಟು ಕಾಯಿಲ್ ಆಡಿಸಿ, ಸದ್ದು ಸ್ಪಷ್ಟವಾಗಿ ಕೇಳ್ಬೇಕು. ಆಮೇಲೆ ಅದನ್ನ ಒಂದೆರಡು ಇಂಚು ಹೂತು ನೋಡಿ. ಕೇಳ್ಲಿಲ್ಲ ಅಂದ್ರೆ ಕಾಯಿಲ್ ಎತ್ತರ ನೋಡ್ಕೊಳ್ಳಿ, ನೆಲಕ್ಕೆ ತಾಗೋ ತಾಗದ ಹಾಗೆ ಸಮವಾಗಿ ಇರ್ಬೇಕು, ಸ್ವಿಂಗ್ ಕೊನೇಲಿ ಮೇಲಕ್ಕೆ ಹಾರಬಾರ್ದು. ಸುಮ್ ಸುಮ್ನೆ ಸದ್ದು ಬರ್ತಿದ್ರೆ ಸೆಟ್ಟಿಂಗ್ ಮುಟ್ಟೋ ಮುಂಚೆ ಕಾಯಿಲ್ ಕವರ್ ಬಿಚ್ಚಿ ಒದರಿ, ಒಳಗೆ ಕೆಂಪು ಮರಳು ಸೇರ್ಕೊಂಡಿರುತ್ತೆ, ಕೇಬಲ್ ಕೂಡ ರಾಡಿಗೆ ಬಿಗಿಯಾಗಿ ಸುತ್ತಿದ್ಯಾ ನೋಡಿ.

ಕೆಳಗಿರೋದು ಯಾವ ಲೋಹ ಅಂತ ಸ್ಕ್ರೀನ್ ತೋರ್ಸೋ ನಂಬರ್ ನಂಬ್ಕೊಂಡು ಕೂರಬೇಡಿ. ಮೈನಸ್ 9ರಿಂದ 0 ಕಬ್ಬಿಣ, ಸರಿ, ಆದ್ರೆ ಚಿಕ್ಕ ಚಿನ್ನ ಬರೋದು ಅದ್ರ ಸ್ವಲ್ಪ ಮೇಲೇನೇ, ಅಲ್ಯೂಮಿನಿಯಂ ಫಾಯಿಲ್ಲೂ ಅಲ್ಲೇ, ಚರೆನೂ ಆ ಆಸುಪಾಸಲ್ಲೇ. ಸಿಗ್ನಲ್ ಬಂದ್ರೆ 90 ಡಿಗ್ರಿ ತಿರುಗಿ ಇನ್ನೊಂದು ಸಲ ಬೀಸಿ, ಎರಡೂ ಕಡೆ ಒಂದೇ ಥರ ಬಂದ್ರೆ ಮೇಲ್ಮಣ್ಣು ಕೆರೆದು ಮತ್ತೆ ನೋಡಿ. ಸದ್ದು ಗಟ್ಟಿಯಾಗ್ತಾ ಹೋದ್ರೆ ಅಗೀರಿ. ಮಣ್ಣನ್ನ ಪ್ಲಾಸ್ಟಿಕ್ ಸ್ಕೂಪ್‌ಗೆ ತುಂಬ್ಕೊಂಡು ಕಾಯಿಲ್ ಮೇಲೆ ಆಡಿಸಿ, ಅರ್ಧ ಅರ್ಧ ಮಾಡ್ತಾ ಬನ್ನಿ.

ಊರಿಂದ ಫೋನ್ ಮಾಡಿ ಕೇಳೋರಿಗೆ: ಕೆಜಿಎಫ್‌ನಲ್ಲಿ ಇದು ನಡೆಯಲ್ಲ, ಅಲ್ಲಿ ಚಿನ್ನ ತೆಗೀತಿದ್ದಿದ್ದು ಬಂಡೆ ಒಳಗಿಂದ, ಗಣಿ 3 ಕಿ.ಮೀ. ಆಳಕ್ಕೆ ಹೋಗಿತ್ತು. ಊರಲ್ಲಿ ನಿಧಿ ಹುಡುಕೋ ಐಡಿಯಾನೂ ಬೇಡ, 1878ರ ನಿಧಿ ಕಾಯ್ದೆ (ಟ್ರೆಷರ್ ಟ್ರೋವ್ ಆ್ಯಕ್ಟ್) ಇನ್ನೂ ಇದೆ. ಇಲ್ಲಿ ವಿಕ್ಟೋರಿಯಾದಲ್ಲಿ ಹೊರಡೋ ಮುಂಚೆ ಮೈನರ್ಸ್ ರೈಟ್ (ಚಿನ್ನ ಹುಡುಕೋ ಪರ್ಮಿಟ್) ಮಾಡಿಸ್ಕೊಳ್ಳಿ, 10 ವರ್ಷ ನಡೆಯುತ್ತೆ, ಯಾವ ಕಾಡಲ್ಲಿ ಬಿಡ್ತಾರೆ ಯಾವುದ್ರಲ್ಲಿ ಇಲ್ಲ ಅಂತ ಮ್ಯಾಪ್ ನೋಡಿ, ತೋಡಿದ ಗುಂಡಿ ಮುಚ್ಚಿ ಬನ್ನಿ.