ಔಟ್‌ಬೋರ್ಡ್ ಇಂಜಿನ್ ಏಳ್ತಿಲ್ವಾ? ಸಿಡಿಐ ತರುವ ಮೊದಲು ಇಷ್ಟು ನೋಡಿ

ಕಾರವಾರದ ಬೈತಖೋಲ ಇರಲಿ, ಕುಮಟಾದ ತದಡಿ ಇರಲಿ, ಹೊನ್ನಾವರದ ಕಾಸರಕೋಡ ಇರಲಿ, ಹಳೇ ಔಟ್‌ಬೋರ್ಡ್ (ದೋಣಿಯ ಹಿಂದೆ ಸಿಕ್ಕಿಸುವ ಇಂಜಿನ್) ಇಟ್ಟುಕೊಂಡವರ ದೂರು ಒಂದೇ: ‘ನಿನ್ನೆ ಸರಿ ಇತ್ತು, ಇವತ್ತು ಕರೆಂಟೇ ಬರ್ತಿಲ್ಲ.’ ಪಕ್ಕದ ದೋಣಿಯವರ ಉತ್ತರವೂ ಒಂದೇ: ‘ಸಿಡಿಐ ಹೋಗಿರ್ಬೇಕು.’ ಸಿಡಿಐ ಎಂದರೆ ಕಿಡಿಗೆ ಬೇಕಾದ ಕರೆಂಟನ್ನು ಸರಿಯಾದ ಹೊತ್ತಿಗೆ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ. ಅದು ಹೋಗುವುದೇ ಇಲ್ಲ ಎಂದಲ್ಲ. ಆದರೆ ಅದು ದುಬಾರಿ ಸಾಮಾನು. ತಂದು ಹಾಕಿದ ಮೇಲೂ ಇಂಜಿನ್ ಏಳದಿದ್ದರೆ ವಾಪಸ್ ಕೊಡುವುದು ಕಷ್ಟ. ನಮ್ಮ ಕರಾವಳಿಯಲ್ಲಿ ಮೊದಲು ಕೈಕೊಡುವುದು ಉಪ್ಪು ತಿಂದ ಸಣ್ಣಪುಟ್ಟ ಜಾಗಗಳು: ಸ್ವಿಚ್ಚು, ಅರ್ಥ್ ವೈರು, ಸ್ಪಾರ್ಕ್ ಪ್ಲಗ್ ಕ್ಯಾಪು. ಅದಕ್ಕೇ ಹುಡುಕಾಟ ಖರ್ಚಿಲ್ಲದ ಕಡೆಯಿಂದ ಶುರುವಾಗಲಿ.

ಮೊದಲ ಕೆಲಸ, ಕರೆಂಟ್ ನಿಜವಾಗಿಯೂ ಇಲ್ಲವೋ ಎಂದು ತಿಳಿದುಕೊಳ್ಳುವುದು. ಪ್ಲಗ್ ಬಿಚ್ಚಿ. ತುದಿ ಒದ್ದೆಯಾಗಿ ಪೆಟ್ರೋಲ್ ಇಲ್ಲವೇ ಸೀಮೆಎಣ್ಣೆ ವಾಸನೆ ಹೊಡೆದರೆ ಎಣ್ಣೆ ಬರುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಪೂರ್ತಿ ಒಣಗಿದ್ದರೆ ತೊಂದರೆ ಕಾರ್ಬುರೇಟರ್ ಕಡೆ ಇರಬಹುದು, ಮೊದಲು ಅಲ್ಲಿ ನೋಡಿ. ಕಂದು ಬಣ್ಣ ಇದ್ದರೆ ಪ್ಲಗ್ ಚೆನ್ನಾಗಿ ಕೆಲಸ ಮಾಡಿದೆ. ಕಪ್ಪು ಮಸಿ ಕಟ್ಟಿದ್ದರೆ ಆ ಮಸಿಯ ಮೇಲೇ ಕರೆಂಟ್ ಹರಿದು ಹೋಗುತ್ತದೆ, ಕಿಡಿ ಹಾರುವುದಿಲ್ಲ.

ಸೀಮೆಎಣ್ಣೆ ಇಂಜಿನ್‌ಗಳಲ್ಲಿ ಈ ಮಸಿ ಕಾಟ ಜಾಸ್ತಿ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಎಲ್ಲರಿಗೂ ಗೊತ್ತು. ದಡಕ್ಕೆ ಬರುವಾಗ ಮತ್ತೆ ಪೆಟ್ರೋಲ್‌ಗೆ ತಿರುಗಿಸಿ, ಸ್ವಲ್ಪ ಓಡಿಸಿ ಬಂದ್ ಮಾಡುವುದನ್ನು ಮಾತ್ರ ಮೀನು ಇಳಿಸುವ ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತಾರೆ. ಮರುದಿನ ಕಾರ್ಬುರೇಟರ್‌ನಲ್ಲಿ ಉಳಿದ ಸೀಮೆಎಣ್ಣೆಯೇ ತಣ್ಣಗಿನ ಇಂಜಿನ್‌ಗೆ ಹೋಗಿ ಪ್ಲಗ್ ನೆನೆಯುತ್ತದೆ. ಬೈಗುಳ ಮಾತ್ರ ಸಿಡಿಐಗೆ!

ಈಗ ಕಿಡಿ ಪರೀಕ್ಷೆ. ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿನ ಪೇಂಟ್ ಇಲ್ಲದ ಜಾಗಕ್ಕೆ ತಾಗುವಂತೆ ಇಡಿ. ಎರಡು ಸಿಲಿಂಡರ್ ಇದ್ದರೆ ಎರಡೂ ಪ್ಲಗ್ ಹೀಗೇ ಅರ್ಥ್ ಆಗಿರಬೇಕು. ಕ್ಯಾಪ್ ಸುಮ್ನೆ ಗಾಳಿಯಲ್ಲಿ ನೇತಾಡುವಾಗ ಸ್ಟಾರ್ಟರ್ ಹಗ್ಗ ಎಳೆದರೆ ಒಳ್ಳೇ ಸಿಡಿಐ, ಕಾಯಿಲ್ (ಪ್ಲಗ್ಗಿಗೆ ಹೆಚ್ಚಿನ ವೋಲ್ಟ್ ಕೊಡುವ ಸುರುಳಿ) ಕೂಡ ಸುಟ್ಟುಹೋಗಬಹುದು. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ, ಅದನ್ನು ಬಟ್ಟೆಯಿಂದ ಮುಚ್ಚಿ, ಕಿಡಿಯನ್ನು ದೂರ ಇಡಿ. ಟ್ಯಾಂಕ್ ಮುಚ್ಚಿರಲಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ, ಸಾವಿರಾರು ವೋಲ್ಟ್ ಅದು. ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಿಂತು ಈ ಕೆಲಸ ಬೇಡವೇ ಬೇಡ.

ಜೋರಾಗಿ ಹಗ್ಗ ಎಳೆಯಿರಿ. ‘ಚಟ್ ಚಟ್’ ಎಂದು ನೀಲಿ ಕಿಡಿ ಹಾರಿದರೆ ಕರೆಂಟ್ ಸರಿ ಇದೆ. ಸಣಕಲು ಹಳದಿ ಕಿಡಿ ಬಂದರೆ ಶಕ್ತಿ ಸಾಲದು, ಸಿಲಿಂಡರ್ ಒಳಗಿನ ಒತ್ತಡದಲ್ಲಿ ಅದು ಹಾರುವುದೇ ಇಲ್ಲ. ಸಮುದ್ರ ದಂಡೆಯ ಮಧ್ಯಾಹ್ನದ ಬಿಸಿಲಲ್ಲಿ ಒಳ್ಳೇ ಕಿಡಿಯೂ ಕಾಣುವುದಿಲ್ಲ ಮಾರಾಯ್ರೆ, ನೆರಳಿಗೆ ಒಯ್ದು ನೋಡಿ.

ಕಿಡಿ ಇಲ್ಲದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ನಂಬರ್ ಮಾತ್ರ ಅದೇ ಇರಲಿ. ಹಳೇ ಎರಡು ಸ್ಟ್ರೋಕ್ ಯಮಹಾಗಳಲ್ಲಿ ಹೆಚ್ಚಾಗಿ ಕಾಣುವ ಎನ್‌ಜಿಕೆ ಬಿ7ಎಚ್‌ಎಸ್ ಪ್ಲಗ್‌ನಲ್ಲಿ ಕೊನೆಗೆ ‘-10’ ಎಂದು ಬರೆದಿದ್ದರೆ ಅದರ ಗ್ಯಾಪ್ (ಕಿಡಿ ಹಾರುವ ಸಂದಿ) 1 ಮಿ.ಮೀ. ಅದಿಲ್ಲದ್ದರ ಗ್ಯಾಪ್ ಕಡಿಮೆ. ನೋಡಲು ಎರಡೂ ಒಂದೇ ಥರ ಇರುತ್ತವೆ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿಯೇ ಹಾಕಿ.

ಕೆಂಪು ಹಗ್ಗದ ಸ್ವಿಚ್ಚು

ಹೊಸ ಪ್ಲಗ್‌ನಲ್ಲೂ ಕಿಡಿ ಇಲ್ಲವೇ? ಮುಂದಿನ ಅನುಮಾನ ಸ್ಟಾಪ್ ಸ್ವಿಚ್ಚಿನ ಮೇಲೆ. ಇಂಜಿನ್ ಬಂದ್ ಮಾಡುವ ಬಟನ್, ಅದರ ಜೊತೆಗಿರುವ ಕೆಂಪು ಸುರುಳಿ ಹಗ್ಗದ ಕ್ಲಿಪ್ ಇವೆಯಲ್ಲ, ಅವು ಮಾಡುವ ಕೆಲಸ ಇಷ್ಟೇ: ಕರೆಂಟನ್ನು ಅರ್ಥ್‌ಗೆ ಹರಿಸಿ ಕಿಡಿ ನಿಲ್ಲಿಸುವುದು. ಸ್ವಿಚ್ಚಿನ ಒಳಗೆ ಉಪ್ಪು ನೀರು ಸೇರಿದರೆ, ಬಟನ್ ಒತ್ತದೇ ಇದ್ದರೂ ಕರೆಂಟ್ ಅರ್ಥ್ ಆಗುತ್ತಲೇ ಇರುತ್ತದೆ. ಇಂಜಿನ್ ಪಾಲಿಗೆ ಯಾರೋ ಬಟನ್ ಒತ್ತಿ ಹಿಡಿದುಕೊಂಡ ಹಾಗೆ.

ಮೊದಲು ಕ್ಲಿಪ್ ಸರಿಯಾಗಿ ಕೂತಿದೆಯೋ ನೋಡಿ. ನಗಬೇಡಿ, ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಆಮೇಲೆ ಇಂಜಿನ್ ಮುಚ್ಚಳ ತೆಗೆದು, ಸ್ವಿಚ್ಚಿನಿಂದ ಬರುವ ಎರಡು ವೈರ್‌ಗಳನ್ನು ಹುಡುಕಿ. ಯಮಹಾದಲ್ಲಿ ಬಿಳಿ ಮತ್ತು ಕಪ್ಪು, ಕಪ್ಪು ಅರ್ಥ್. ಬಿಳಿಯ ಜೋಡಣೆ ಬಿಡಿಸಿ, ಮತ್ತೆ ಹಗ್ಗ ಎಳೆಯಿರಿ. ಈಗ ಕಿಡಿ ಬಂತೋ? ಸ್ವಿಚ್ಚೇ ಕಳ್ಳ. ಹೊಸದು ಹಾಕಿದರೆ ಮುಗಿಯಿತು.

ಒಂದು ಎಚ್ಚರಿಕೆ. ಬಿಳಿ ವೈರ್ ಬಿಡಿಸಿ ಇಂಜಿನ್ ಸ್ಟಾರ್ಟ್ ಮಾಡಿದರೆ ಬಟನ್‌ನಿಂದ ಬಂದ್ ಆಗುವುದಿಲ್ಲ. ಚೋಕ್ ಪೂರ್ತಿ ಎಳೆಯಬೇಕು, ಇಲ್ಲವೇ ಎಣ್ಣೆ ಪೈಪ್ ಕಳಚಬೇಕು. ‘ಹೇಗೂ ಓಡ್ತದೆ, ಹೀಗೇ ಇರ್ಲಿ’ ಎಂದು ಸಮುದ್ರಕ್ಕೆ ಹೋಗುವವರಿದ್ದಾರೆ. ಅದು ತಪ್ಪು. ಒಬ್ಬರೇ ಇದ್ದಾಗ ದೋಣಿಯಿಂದ ನೀರಿಗೆ ಬಿದ್ದರೆ ಇಂಜಿನ್ ನಿಲ್ಲಿಸುವುದು ಮೈಗೆ ಕಟ್ಟಿಕೊಂಡ ಆ ಕೆಂಪು ಹಗ್ಗ ಮಾತ್ರ. ಅದು ಕೆಲಸ ಮಾಡದಿದ್ದರೆ ದೋಣಿ ಸುತ್ತು ಹೊಡೆದು, ಫ್ಯಾನ್ ಸಮೇತ ನಿಮ್ಮ ಮೇಲೇ ಬರಬಹುದು.

ಅರ್ಥ್, ಕ್ಯಾಪ್, ಕೇಬಲ್

ಸ್ವಿಚ್ಚು ಸರಿ ಇದ್ದರೆ ಅರ್ಥ್ ವೈರ್‌ಗಳ ಸರದಿ. ಕಾಯಿಲ್ ಮತ್ತು ಸಿಡಿಐಯ ಕಪ್ಪು ವೈರ್‌ಗಳು ಇಂಜಿನ್‌ಗೆ ಬೋಲ್ಟ್ ಆಗಿರುವ ಜಾಗ ನೋಡಿ. ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ, ತಾಮ್ರದ ಮೇಲೆ ಹಸಿರು ಕಿಲುಬು ಇದ್ದೇ ಇರುತ್ತದೆ. ಬಿಚ್ಚಿ, ಪಾಲಿಶ್ ಪೇಪರ್‌ನಿಂದ ಹೊಳೆಯುವಷ್ಟು ಉಜ್ಜಿ, ಬಿಗಿಮಾಡಿ, ಮೇಲಿಂದ ಗ್ರೀಸ್ ಸವರಿ. ವೈರ್ ಹೊರಗಿನಿಂದ ಚೆನ್ನಾಗಿ ಕಂಡರೂ ತುದಿಯ ಹತ್ತಿರ ಒತ್ತಿ ನೋಡಿ. ಮೆತ್ತಗಿದ್ದರೆ ಒಳಗಿನ ತಾಮ್ರ ಕಪ್ಪಾಗಿ ಪುಡಿಯಾಗಿದೆ. ಅಷ್ಟು ಕತ್ತರಿಸಿ ಹೊಸ ಲಗ್ (ಬೋಲ್ಟ್ ತೂರಿಸುವ ಲೋಹದ ತುದಿ) ಹಾಕಿ.

ಪ್ಲಗ್ ಕ್ಯಾಪ್ ಬಹಳಷ್ಟು ಇಂಜಿನ್‌ಗಳಲ್ಲಿ ಕೇಬಲ್‌ಗೆ ಸ್ಕ್ರೂ ಥರ ಕೂತಿರುತ್ತದೆ. ತಿರುಗಿಸಿ ಬಿಚ್ಚಿ, ಕೇಬಲ್‌ನ ಕೊನೆಯ ಅರ್ಧ ಸೆಂ.ಮೀ. ಕತ್ತರಿಸಿ, ಹೊಸ ತಾಮ್ರಕ್ಕೆ ಮತ್ತೆ ತಿರುಗಿಸಿ. ಸತ್ತೇ ಹೋಯಿತು ಎಂದುಕೊಂಡ ಸಿಲಿಂಡರ್ ಇಷ್ಟಕ್ಕೇ ಜೀವ ಪಡೆದದ್ದುಂಟು. ಕೇಬಲ್ ಬಿರುಕು ಬಿಟ್ಟಿದೆಯೋ ತಿಳಿಯಲು ಕತ್ತಲಾದ ಮೇಲೆ ಹಗ್ಗ ಎಳೆದು ನೋಡಿ, ಕರೆಂಟ್ ಸೋರುವ ಜಾಗದಲ್ಲಿ ನೀಲಿ ಎಳೆ ಕಾಣುತ್ತದೆ.

ಎರಡು ಸಿಲಿಂಡರ್‌ನಲ್ಲಿ ಒಂದಕ್ಕೆ ಮಾತ್ರ ಕಿಡಿ ಇಲ್ಲದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕಾಯಿಲ್‌ಗಳು ಬೇರೆ ಬೇರೆ ಇದ್ದರೆ ಅದಲು ಬದಲು ಮಾಡಿ. ತೊಂದರೆ ಕಾಯಿಲ್ ಜೊತೆಗೇ ಆಚೆ ಹೋದರೆ ಕಾಯಿಲ್ ಹಾಳು. ಇದ್ದಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಮಲ್ಟಿಮೀಟರ್ ಇದ್ದವರು ಅಳೆಯಬಹುದು: ಕಾಯಿಲ್‌ನ ಪ್ರೈಮರಿ ಕಡೆ ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಡಿಮೆ, ಪ್ಲಗ್ ಕಡೆ ಕೆಲವು ಸಾವಿರ ಓಮ್. ಸರಿಯಾದ ಲೆಕ್ಕ ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿರುತ್ತದೆ.

ಫ್ಲೈವೀಲ್ ಕೆಳಗೆ

ತೀರಾ ಹಳೇ ಇಂಜಿನ್‌ಗಳಲ್ಲಿ ಸಿಡಿಐ ಇರುವುದಿಲ್ಲ, ಫ್ಲೈವೀಲ್ (ಹಗ್ಗ ಎಳೆದಾಗ ತಿರುಗುವ ಭಾರದ ಚಕ್ರ) ಕೆಳಗೆ ಪಾಯಿಂಟ್ (ಕಿಡಿಯ ಹೊತ್ತಿಗೆ ಕರೆಂಟ್ ಕಡಿಯುವ ಸಣ್ಣ ಸ್ವಿಚ್ಚು) ಮತ್ತು ಅದರ ಮುಖ ಸುಡದಂತೆ ಕಾಯುವ ಕಂಡೆನ್ಸರ್ ಇರುತ್ತವೆ. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆದರೆ ಮ್ಯಾಗ್ನೆಟ್ ಒಡೆಯಬಹುದು, ಕ್ರ್ಯಾಂಕ್ ತುದಿ ಹಾಳಾಗಬಹುದು. ಪುಲ್ಲರ್ ಇಲ್ಲದಿದ್ದರೆ ಇಲ್ಲಿಂದ ಮುಂದೆ ಮೆಕ್ಯಾನಿಕ್ ಕೆಲಸ.

ತೆಗೆದಿರಾದರೆ ಪಾಯಿಂಟ್‌ನ ಎರಡು ಮುಖ ನೋಡಿ. ಸಣ್ಣ ಗುಳಿ, ಬೂದು ಪದರ ಇದ್ದರೆ ನಯವಾದ ಪಾಯಿಂಟ್ ಫೈಲ್‌ನಿಂದ ಉಜ್ಜಿ. ಆಮೇಲೆ ಹಳೇ ಮದುವೆ ಕಾರ್ಡ್‌ನ ತುಂಡನ್ನು ಪೆಟ್ರೋಲ್‌ಗೆ ಅದ್ದಿ, ಮುಖಗಳ ನಡುವೆ ಎಳೆದು ಪುಡಿ ಒರೆಸಿ. ಗ್ಯಾಪ್ ಮಾಡೆಲ್ ನೋಡಿ ಇಡಬೇಕು. ಹಳೇ ಜಾನ್ಸನ್, ಎವಿನ್‌ರೂಡ್‌ಗಳಲ್ಲಿ ಅದು ಸುಮಾರು 0.5 ಮಿ.ಮೀ. ಉಜ್ಜಿದ ಪಾಯಿಂಟ್ ಬೇಗನೇ ಮತ್ತೆ ಸುಟ್ಟರೆ ಕಂಡೆನ್ಸರ್ ಬದಲಿಸಿ.

ಕಿಡಿ ಚೆನ್ನಾಗಿದೆ, ಆದರೂ ಇಂಜಿನ್ ಢಬ್ ಎಂದು ಹಗ್ಗವನ್ನು ಹಿಂದಕ್ಕೆ ಜಗ್ಗುತ್ತಿದೆ ಎಂದಾದರೆ ಫ್ಲೈವೀಲ್‌ನ ಕೀ (ಅದನ್ನು ಕ್ರ್ಯಾಂಕ್ ಮೇಲೆ ಸರಿಯಾದ ಜಾಗದಲ್ಲಿ ಹಿಡಿಯುವ ಸಣ್ಣ ಲೋಹದ ತುಂಡು) ಮುರಿದಿರಬಹುದು. ಕಿಡಿ ತಪ್ಪು ಹೊತ್ತಿಗೆ ಹಾರುತ್ತಿದೆ.

ಇಷ್ಟೆಲ್ಲ ನೋಡಿ, ಫ್ಲೈವೀಲ್ ಕೆಳಗಿನ ಚಾರ್ಜ್ ಕಾಯಿಲ್ (ಸಿಡಿಐಗೆ ಕರೆಂಟ್ ಕೊಡುವುದು), ಪಲ್ಸರ್ ಕಾಯಿಲ್ (ಕಿಡಿಯ ಹೊತ್ತು ತಿಳಿಸುವುದು) ಕೂಡ ಅಳೆದು ಸರಿ ಬಂದರೆ ಉಳಿದದ್ದು ಸಿಡಿಐ. ಸಾಮಾನ್ಯ ಮೀಟರ್‌ನಿಂದ ಅದನ್ನು ಖಚಿತವಾಗಿ ಪರೀಕ್ಷಿಸಲಾಗದು. ಅದೇ ಮಾಡೆಲ್ ಇರುವವರ ಹತ್ತಿರ ಒಂದು ಗಂಟೆಗೆ ಕೇಳಿ ತಂದು ಹಾಕಿ ನೋಡಿ, ಆಮೇಲೆ ದುಡ್ಡು ಬಿಚ್ಚಿ.

ರಿಪೇರಿಯ ನಂತರ ದಡದ ಮೇಲೆ ಒಣ ಇಂಜಿನ್ ಓಡಿಸಬೇಡಿ, ನೀರೆತ್ತುವ ರಬ್ಬರ್ ಇಂಪೆಲ್ಲರ್ ಬೇಗ ಹಾಳಾಗುತ್ತದೆ. ಇಂಜಿನ್ನಿನ ಕಾಲು, ಅಂದರೆ ಫ್ಯಾನ್ ಇರುವ ಕೆಳಭಾಗ, ಮುಳುಗುವಷ್ಟು ಸಿಹಿನೀರು ತುಂಬಿದ ಡ್ರಮ್‌ನಲ್ಲಿ ನಿಲ್ಲಿಸಿ, ಪೂರ್ತಿ ಬಿಸಿಯಾಗುವವರೆಗೆ ಓಡಿಸಿ. ತಣ್ಣಗಿದ್ದಾಗ ಸರಿ ಇದ್ದು, ಬಿಸಿಯಾದ ಮೇಲೆ ಕಿಡಿ ಕೊಡದ ಕಾಯಿಲ್‌ಗಳಿವೆ. ಇಂಜಿನ್ ತಾನಾಗಿ ನಿಂತರೆ ತಣಿಯಲು ಬಿಡದೆ ಆಗಲೇ ಪ್ಲಗ್ ಬಿಚ್ಚಿ ಕಿಡಿ ನೋಡಿ. ಜೂನ್, ಜುಲೈನಲ್ಲಿ ನಾಡದೋಣಿ ಇಳಿಸುವವರಂತೂ ಈ ಪರೀಕ್ಷೆ ಮಾಡದೇ ಅಳಿವೆ ದಾಟಬಾರದು. ದಾಟುವಾಗ ಹೊಸ ಪ್ಲಗ್ ಒಂದು ಜೊತೆ, ಪ್ಲಗ್ ಸ್ಪ್ಯಾನರ್, ಹೆಚ್ಚಿನದೊಂದು ಸ್ಟಾರ್ಟರ್ ಹಗ್ಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜೊತೆಗಿರಲಿ. ಹುಟ್ಟು ಕೂಡ.