ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟುವ ಮೊದಲು

ಸೆಕೆಂಡ್ ಪಿಯು ರಿಸಲ್ಟ್ ಬಂದ ದಿನ ಫಿಸಿಕ್ಸ್ ಮೇಡಂ ಆದ ನನಗೆ ಬರುವ ಫೋನೆಲ್ಲ ಒಂದೇ ಥರ. "ಮಾರ್ಕ್ಸ್ ಕಮ್ಮಿ ಬಂದಿದೆ, ರೀವ್ಯಾಲ್ಯುಯೇಷನ್ ಹಾಕ್ಲಾ?" ಮೊದಲು ನಿನ್ನ ಉತ್ತರಪತ್ರಿಕೆ ತರಿಸಿ ನೋಡು ಅನ್ನುತ್ತೇನೆ.

ಪರೀಕ್ಷೆ ನಡೆಸುವುದು ಮಲ್ಲೇಶ್ವರದಲ್ಲಿರುವ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. 2022ರಿಂದ ಎಸ್ಸೆಸ್ಸೆಲ್ಸಿ, ಪಿಯು ಎರಡೂ ಅದರ ಕೈಯಲ್ಲೇ. ಅರ್ಜಿ ಹಾಕುವುದು ಅದರ ವೆಬ್‌ಸೈಟಿನಲ್ಲಿ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದವರಿಗೆ ಮಾತ್ರ ಮರುಮೌಲ್ಯಮಾಪನ. 2025ರಲ್ಲಿ ಒಂದು ವಿಷಯದ ಪ್ರತಿಗೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670. ಕೂಡಿದ್ದು ತಪ್ಪಿದ್ದರೆ ಮರುಎಣಿಕೆಗೆ ದುಡ್ಡು ಕಟ್ಟಬೇಕಿಲ್ಲ.

ಪ್ರತಿ ಬಂತಾ? ಮಂಡಳಿ ಹಾಕಿದ ಕೀ ಉತ್ತರ ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಒಳಗಿನ ಅಂಕಗಳನ್ನೆಲ್ಲ ನೀವೇ ಕೂಡಿ. ಆಮೇಲೆ ಕೊನೆಯ ಪುಟಗಳಿಗೆ ಹೋಗಿ. ನಡುವೆ ಬಿಟ್ಟ ಡೆರಿವೇಷನ್ನನ್ನು (ಸೂತ್ರ ಸಾಧಿಸುವ ಉತ್ತರವನ್ನು) ಮಕ್ಕಳು ಅಲ್ಲಿ ಮುಂದುವರಿಸಿರುತ್ತಾರೆ. ಆ ಪುಟದಲ್ಲಿ ಕೆಂಪು ಇಂಕಿನ ಗುರುತೇ ಇಲ್ಲದಿದ್ದರೆ ಅರ್ಜಿ ಹಾಕಲು ಅದೇ ಒಳ್ಳೆ ಕಾರಣ. ಐದು ಅಂಕದ ಪ್ರಶ್ನೆಯಲ್ಲಿ ಕೀ ಹಂತ ಹಂತವಾಗಿ ಅಂಕ ಹಂಚಿರುತ್ತದೆ. ಯಾವ ಹಂತಕ್ಕೆ ಸಿಕ್ಕಿಲ್ಲ ಅಂತ ಬೆರಳಿಟ್ಟು ತೋರಿಸುವಂತಿರಬೇಕು.

ಆದರೆ ಪ್ರಶ್ನೆಪತ್ರಿಕೆಯ ಮೊದಲ ಪುಟದ ಸೂಚನೆ ಯಾರೂ ಓದುವುದಿಲ್ಲ, ಅಲ್ವಾ? ಬೇಕಾದ ಕಡೆ ಚಿತ್ರ ಬರೆಯದಿದ್ದರೆ ಅಂಕವಿಲ್ಲ. ಲೆಕ್ಕಕ್ಕೆ ಬರೀ ಉತ್ತರ ಬರೆದರೂ ಇಲ್ಲ. ಪಾರ್ಟ್-ಎ ಪ್ರಶ್ನೆಯನ್ನು ಎರಡು ಸಲ ಬರೆದಿದ್ದರೆ ಮೊದಲು ಬರೆದದ್ದನ್ನೇ ನೋಡುತ್ತಾರೆ. ಇಂಥ ಕಡೆ ಜಗಳಕ್ಕೆ ಹೋದರೆ ಸುಮ್ನೆ ದುಡ್ಡು ದಂಡ. ಪಕ್ಕದ ಮನೆ ಹುಡುಗನಿಗೆ ಜಾಸ್ತಿ ಬಂತು ಅನ್ನುವುದಂತೂ ಕಾರಣವೇ ಅಲ್ಲ.

ಒಂದೆರಡು ಅಂಕಕ್ಕೆ ಇಷ್ಟೆಲ್ಲ ಬೇಕಾ ಅಂತ ಅಪ್ಪಂದಿರು ಕೇಳುತ್ತಾರೆ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕಕ್ಕೆ ಅರ್ಧ ಪಾಲು. ಅಲ್ಲಿ ಕಣ್ಣಿಟ್ಟವರಿಗೆ ಖಂಡಿತ ಬೇಕು. ಬಿ.ಎ.ಗೆ ಹೊರಟವರಿಗೆ ಬಹುತೇಕ ಬೇಡ.

ಅರ್ಜಿ ಹಾಕಿದೆ ಅಂತ ಪರೀಕ್ಷೆ-2ರ, ಅಂದರೆ ಅದೇ ವರ್ಷ ಮತ್ತೆ ಬರೆಯಬಹುದಾದ ಎರಡನೇ ಪರೀಕ್ಷೆಯ, ಫಾರ್ಮ್ ಮಾತ್ರ ಬಿಡಬೇಡಿ. ಅದರ ಕೊನೇ ದಿನಾಂಕ ನಿಮಗಾಗಿ ಕಾಯುವುದಿಲ್ಲ. ಎರಡು ಪರೀಕ್ಷೆಗಳಲ್ಲಿ ಹೆಚ್ಚು ಬಂದ ಅಂಕವೇ ಉಳಿಯುವುದರಿಂದ ಮತ್ತೆ ಬರೆದರೆ ನಷ್ಟವೂ ಇಲ್ಲ.